ಎಂಜಲಿನೊಳಗೊಂದು ದೀಪ

ಇಂಡೂರೂಪಿಲ್ಲಿ, ಬ್ರಿಸ್ಬೇನ್
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಭರತೇಶ್,

ಈ ಪತ್ರವನ್ನು ನೀನು ಅಡಿಲೇಡಿನ ಆ ಬಾಡಿಗೆ ಮನೆಯಲ್ಲಿ ಅಡುಗೆಕಟ್ಟೆಗೆ ಒರಗಿ, ನಿಂತೇ ಓದಲು ಶುರುಮಾಡುತ್ತೀಯ ಎಂದು ನನಗೆ ಗೊತ್ತು. ದಯವಿಟ್ಟು ಕೂತು ಓದು. ಫೋನಿನಲ್ಲಿ ನಿಸರ್ಗಳ ಹೆಸರು ಎತ್ತಿದ ತಕ್ಷಣ ನಿನಗೆ ವಾರ್ಡಿನ ರೌಂಡ್ಸ್ ನೆನಪಾಗುತ್ತದೆ. ಪತ್ರವಾದರೆ ಮೇಜಿನ ಮೇಲೆ ಸುಮ್ಮನೆ ಕಾಯುತ್ತದೆ. ಅದರೆದುರು ಯಾವ ರೌಂಡ್ಸೂ ನಡೆಯುವುದಿಲ್ಲ.

ಮೊದಲು ನೀನು ಕೇಳುವ ಸುದ್ದಿ. ಅತ್ತೆ ಚೆನ್ನಾಗಿದ್ದಾರೆ. ಪರ್ತಿನಿಂದ ಇಲ್ಲಿಗೆ ಬರುವಾಗ ವಿಮಾನದ ಕಿಟಕಿಯಿಂದ ಆ ಕೆಂಪು ನೆಲವನ್ನು ಗಂಟೆಗಟ್ಟಲೆ ನೋಡಿ, "ಇಷ್ಟು ಜಾಗ ಇಟ್ಟುಕೊಂಡು ಇವರೆಲ್ಲ ಎಲ್ಲಿ ಹೋಗಿದ್ದಾರೆ ಮಾರಾಯ್ತಿ?" ಎಂದು ನನ್ನನ್ನು ಕೇಳಿದರು. ಕಾರ್ಕಳ ಬಿಟ್ಟು ಬಂದು ಮೂರು ತಿಂಗಳಾದರೂ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಅವರ ನೇಮಕ್ಕೆ ಇಲ್ಲಿಯೂ ಭಂಗ ಬಂದಿಲ್ಲ. ನಿಸರ್ಗಳೂ ಕೆಫೆಯ ಕೆಲಸ ಮುಗಿಸಿ ಓಡಿಬಂದು ಅಜ್ಜಿಯ ಜೊತೆಗೇ ಊಟಕ್ಕೆ ಕೂರುತ್ತಾಳೆ.

ಈಗ ವಿಷಯ. ನೀನು ಬ್ರಿಸ್ಬೇನಿಗೆ ಬರಬೇಕು. ಮಗಳ ಜೊತೆ ಮಾತಾಡಬೇಕು. ಅಪ್ಪ ಮನೆಗೆ ಬರುವುದಾದರೆ ಡಿಸೆಂಬರ್ ರಜೆಗೆ ತಾನು ಪರ್ತಿಗೆ, ನಮ್ಮ ಎಲೆನ್‌ಬ್ರೂಕಿನ ಮನೆಗೆ ಬರುವುದಿಲ್ಲ ಎಂದು ಅವಳು ಹೇಳಿದ್ದಾಳೆ. ಸಿಟ್ಟಿನಿಂದ ಹೇಳಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ತಟ್ಟೆ ತೊಳೆಯುತ್ತಾ, ಬಸ್ಸಿನ ಸಮಯ ಹೇಳುವವಳ ಹಾಗೆ ಹೇಳಿದಳು. ಮೂರು ಊರುಗಳಲ್ಲಿ ಹಂಚಿಹೋದ ಸಂಸಾರ ನಮ್ಮದು. ವರ್ಷಕ್ಕೊಮ್ಮೆ ಒಂದು ಸೂರಿನಡಿ ಸೇರುವುದೂ ತಪ್ಪಿದರೆ ನಾವು ಬರೀ ಮೂರು ವಿಳಾಸಗಳಾಗಿ ಉಳಿಯುತ್ತೇವೆ.

ಮಾರ್ಚಿನಲ್ಲಿ ನೀನು ಸಮ್ಮೇಳನಕ್ಕೆಂದು ಇಲ್ಲಿಗೆ ಬಂದಾಗ ನಡೆದದ್ದನ್ನು ನಾನು ಇಬ್ಬರ ಬಾಯಲ್ಲೂ ಕೇಳಿದ್ದೇನೆ, ಇಬ್ಬರೂ ಒಂದೇ ರೀತಿ ಹೇಳಿದ್ದೀರಿ. ಫೋನಿನ ಚಾರ್ಜರ್ ಹುಡುಕಲು ಅವಳ ಮಂಚದ ಕೆಳಗೆ ಬಗ್ಗಿದ ನಿನಗೆ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬ ಸಿಕ್ಕಿತು. ತೆರೆದರೆ ಅದರ ತುಂಬ ವೇಪುಗಳು, ಸೇದಿ ಬಿಸಾಡುವ ಆ ಬಣ್ಣಬಣ್ಣದ ಇ-ಸಿಗರೇಟು ಕೊಳವೆಗಳು. ಮಾವಿನ ಹಳದಿ, ಕಲ್ಲಂಗಡಿಯ ಕೆಂಪು, ನೇರಳೆ. ದಿನವಿಡೀ ಇಪ್ಪತ್ತು ವರ್ಷದ ಮಕ್ಕಳ ಶ್ವಾಸಕೋಶದ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡುವ ನಿನಗೆ ಆ ಡಬ್ಬ ಹೇಗೆ ಕಂಡಿರಬೇಕು ಎಂದು ನನಗೆ ಅರ್ಥವಾಗುತ್ತದೆ. "ಸೇದ್ತೀಯಾ, ಇಲ್ಲಾ ಮಾರ್ತೀಯಾ?" ಎಂದು ಕೇಳಿದೆ. ಅವಳು "ಯೂ ಹ್ಯಾವ್ ಆಲ್ರೆಡಿ ಡಿಸೈಡೆಡ್, ಅಪ್ಪ" ಎಂದಳು. ನೀನು ಸಂಜೆಯ ವಿಮಾನಕ್ಕೆ ಹೊರಟುಬಿಟ್ಟೆ. ಅಂದಿನಿಂದ ನೀವಿಬ್ಬರೂ ಮಾತಾಡಿಲ್ಲ.

ನೀನು ಕೇಳಿದ ಪ್ರಶ್ನೆಗೆ ಈ ಪತ್ರದಲ್ಲಿ ಉತ್ತರವಿಲ್ಲ, ಏಕೆಂದರೆ ನಾನು ಅದನ್ನು ಅವಳನ್ನು ಕೇಳಲಿಲ್ಲ. ಡಬ್ಬದೊಳಗೆ ಇದ್ದದ್ದು ಏನು ಎಂಬುದನ್ನು ಮಾತ್ರ ಬರೆಯಬಲ್ಲೆ. ಅದನ್ನು ನಾನು ಕಣ್ಣಾರೆ ಕಂಡೆ. ಕಂಡ ಮೇಲೆ ಎರಡು ದಿನ ಪುಸ್ತಕ ಹಿಡಿದರೆ ಸಾಲುಗಳು ತಲೆಗೆ ಹೋಗಲಿಲ್ಲ.

ನಾನು ಇಲ್ಲಿಗೆ ಬಂದದ್ದೂ ಹೆದರಿಕೊಂಡೇ. ಪರ್ತಿನ ವೆಲ್ಷ್‌ಪೂಲಿನಲ್ಲಿ ನಾನು ಕೆಲಸ ಮಾಡುವ ಗೋದಾಮಿನ ಆಫೀಸಿನ ಎದುರು ಒಮ್ಮೆ ಕಸದ ಲಾರಿಯೊಂದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ನಡುರಸ್ತೆಗೇ ಸುರಿದು ನಿಂತಿತ್ತು. ರಾಶಿಯೊಳಗಿಂದ ಬಿಳಿ ಹೊಗೆ ಬುಸುಗುಡುತ್ತಿತ್ತು. ಯಾರೋ ಕಸಕ್ಕೆ ಎಸೆದ ವೇಪಿನ ಬ್ಯಾಟರಿ ಯಂತ್ರದಡಿ ಜಜ್ಜಿಹೋಗಿ ಹೊತ್ತಿಕೊಂಡಿತ್ತಂತೆ. ಡ್ರೈವರ್ ಹುಲ್ಲಿನ ಮೇಲೆ ಕೂತು, ವಾರಕ್ಕೊಂದು ಇಂಥದ್ದು ಆಗ್ತದೆ ಮೇಟ್ ಎಂದು ನಮ್ಮ ಮ್ಯಾನೇಜರಿಗೆ ಹೇಳುತ್ತಿದ್ದ. ಅಂಥವುಗಳ ರಾಶಿ ನನ್ನ ಮಗಳ ಮಂಚದ ಕೆಳಗಿದೆ ಎನ್ನುವುದು ನನ್ನ ಭಯ. ನಿನ್ನ ಭಯ ಬೇರೆ ಇತ್ತು. ನಾವಿಬ್ಬರೂ ಒಂದೇ ಡಬ್ಬಕ್ಕೆ ಹೆದರಿದ್ದೆವು.

ಈಗ ಡಬ್ಬ ಮಂಚದ ಕೆಳಗಿಲ್ಲ. ಬಾಲ್ಕನಿಯಲ್ಲಿ ಒಂದು ಹಳೆಯ ಮೇಜು, ಪಕ್ಕದಲ್ಲಿ ಮರಳು ತುಂಬಿದ ಬಕೆಟ್ಟು. ಕೈಗವಸು, ಕನ್ನಡಕ ಹಾಕಿಕೊಂಡು ಅವಳು ಕೂತಿದ್ದಳು. ನಾನೂ ಅತ್ತೆಯೂ ಒಳಗಿನಿಂದ ಸೊಳ್ಳೆಪರದೆಯ ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆವು. ಅವಳ ಜೊತೆ ಮನೆ ಹಂಚಿಕೊಂಡಿರುವ ಅದಿತಿ, ಹುಬ್ಬಳ್ಳಿಯ ಹುಡುಗಿ, ವೀಕ್ಷಕ ವಿವರಣೆ ಕೊಡುತ್ತಿದ್ದಳು. "ಆಂಟಿ, ಈಕಿ ಜೋಡಿ ಪಾರ್ಕಿಗೆ ಹೋದ್ರ ನಾವು ಗಿಡಾ, ಹಕ್ಕಿ ನೋಡ್ತೀವಿ, ಈಕಿ ನೆಲಾ ನೋಡ್ತಾಳ. ಕೈಯಾಗ ಪ್ಲಾಸ್ಟಿಕ್ ಚೀಲ ಬ್ಯಾರೆ. ನಾಯಿ ಹೊಲಸು ಎತ್ತಾಕ ಬಂದಾಳಂತ ತಿಳಿದು, ನಾಯಿ ಎಲ್ಲಿ ಅಂತ ಮಂದಿ ಹುಡುಕ್ತಾರ." ಬಸ್ ಸ್ಟಾಪಿನಲ್ಲಿ, ನದಿಯ ದಡದ ಬೆಂಚಿನ ಕೆಳಗೆ, ಸಂಗೀತ ಕಾರ್ಯಕ್ರಮ ಮುಗಿದ ಮೈದಾನದಲ್ಲಿ ಇವಳು ಆರಿಸುತ್ತಾಳಂತೆ. ಅಂಗಡಿಯಲ್ಲಿ ಮಾರುವಂತಿಲ್ಲ ಎಂಬ ಕಾನೂನು ಬಂದ ಮೇಲೂ ಇವು ನೆಲಕ್ಕೆ ಬೀಳುವುದು ನಿಂತಿಲ್ಲ.

ನಿಸರ್ಗ ಒಂದು ಕೊಳವೆಯ ತಳದ ಮುಚ್ಚಳವನ್ನು ಮೆಲ್ಲಗೆ ಮೀಟಿ ತೆಗೆದಳು. ಒಳಗಿನಿಂದ ಕಂದು ಬಣ್ಣದ ಹತ್ತಿ, ಅಂಟು ರಸ, ಎರಡು ಕೂದಲಿನಂಥ ತಂತಿ. ಆಮೇಲೆ ಹೊರಬಂತು ಬ್ಯಾಟರಿ. ನನ್ನ ಕಿರುಬೆರಳಿಗಿಂತ ಚಿಕ್ಕದು, ಬೆಳ್ಳಗೆ, ಒಂದು ಗೀರೂ ಇಲ್ಲದೆ, ಈಗ ತಾನೇ ತಯಾರಾದ ಹಾಗೆ. ಅವಳು ಕರೆಂಟು ಅಳೆಯುವ ಮೀಟರಿನ ಎರಡು ಮೊನೆಗಳನ್ನು ಅದಕ್ಕೆ ತಾಗಿಸಿದಳು. ಅಂಕಿ ಮೇಲೇರಿ ನಿಂತಿತು. "ಸೀ ಅಮ್ಮ? ಸ್ಟಿಲ್ ಅಲೈವ್," ಎಂದಳು. ಬಿಡದೆ ಕೇಳಿದೆ. ಇದು ನಮ್ಮ ಮೊಬೈಲ್ ಫೋನಿನಲ್ಲಿ ಇರುವಂಥದ್ದೇ ಬ್ಯಾಟರಿ, ನೂರಾರು ಸಲ ಚಾರ್ಜು ಮಾಡಬಹುದಂತೆ. ಒಂದೇ ಸಲ ಬಳಸಿ, ರಸ ಮುಗಿಯಿತು ಎಂದು ಇಡೀ ಕೊಳವೆಯನ್ನು ಎಸೆಯುತ್ತಾರಂತೆ.

ಭರತೇಶ್, ನೂರಾರು ಸಲ ಹುಟ್ಟಬಲ್ಲದ್ದನ್ನು ಒಂದು ಸಲ ಬದುಕಿಸಿ ಎಸೆಯುವುದು. ಇಷ್ಟು ವರ್ಷ ಕವಿತೆ ಓದಿದವಳು ನಾನು, ಇಂಥದ್ದಕ್ಕೆ ಒಂದು ಹೋಲಿಕೆ ಹುಡುಕಿದೆ, ಸಿಗಲಿಲ್ಲ. ಯಾವುದೋ ಬೆಟ್ಟದಿಂದ ಲೋಹ ಅಗೆದು, ಯಾವುದೋ ದೇಶದಲ್ಲಿ ಅದನ್ನು ಕಾಗದದಷ್ಟು ತೆಳುವಾಗಿ ಸುತ್ತಿ, ಹಡಗಿನಲ್ಲಿ ತಂದು, ಒಬ್ಬ ಹುಡುಗನ ಬಾಯಿಗೆ ಕೆಲವು ದಿನ ಮಾವಿನ ಹಣ್ಣಿನ ವಾಸನೆ ಕೊಟ್ಟು, ಚರಂಡಿಗೆ. ಚರಂಡಿಯಲ್ಲೂ ಅದು ಆರದೆ ಕೂತಿರುತ್ತದೆ. ತಾನು ಕಸ ಎಂದು ಅದಕ್ಕೆ ಯಾರೂ ಹೇಳಿಲ್ಲ.

ಆಮೇಲೆ ಅವಳು ಇನ್ನೊಂದು ತೋರಿಸಿದಳು. ಇದು ವಿಶೇಷವಾಗಿ ನಿನಗೆ. ಆ ಕೊಳವೆಗೆ ಗುಂಡಿಯೇ ಇಲ್ಲ, ಗಮನಿಸಿದ್ದೀಯಾ? ಅದರೊಳಗೆ ಮೆಂತ್ಯದ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಲ್ಲೆ ಇರುತ್ತದೆ. ಮನುಷ್ಯ ಉಸಿರು ಎಳೆದುಕೊಂಡಾಗ ಗಾಳಿಯ ಒತ್ತಡ ಒಂದಿಷ್ಟು ಇಳಿಯುತ್ತದಲ್ಲ, ಅದನ್ನು ಆ ಬಿಲ್ಲೆ ಗುರುತಿಸಿ ಬ್ಯಾಟರಿಯನ್ನು ಎಬ್ಬಿಸುತ್ತದೆ. ಅವಳು ಅಂಥದ್ದೊಂದನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಒಂದು ಪುಟ್ಟ ಬಲ್ಬಿಗೆ ಜೋಡಿಸಿ, ಹೊಸ ಕಾಗದದ ಸ್ಟ್ರಾ ಸಿಕ್ಕಿಸಿ ನನ್ನ ಮುಂದೆ ಹಿಡಿದಳು. "ಬ್ರೀದ್ ಇನ್, ಅಮ್ಮ." ಎಳೆದುಕೊಂಡೆ. ಬಲ್ಬು ಹೊತ್ತಿತು. ಬಿಟ್ಟೆ. ಆರಿತು. ನಲವತ್ತೆಂಟು ವರ್ಷದಿಂದ ಉಸಿರಾಡುತ್ತಿದ್ದೇನೆ, ನನ್ನ ಉಸಿರನ್ನು ನಾನು ನೋಡಿದ್ದು ಅದೇ ಮೊದಲು.

ಅತ್ತೆ ತಾವೂ ಎಳೆದು ನೋಡುತ್ತೇವೆ ಎಂದರು. ಅವರ ಉಸಿರಿಗೆ ಮೊದಲು ಹೊತ್ತಲಿಲ್ಲ. ಎರಡನೆಯ ಸಲ ಹೊತ್ತಿತು. ಅವರು ಸ್ಟ್ರಾ ಕೆಳಗಿಟ್ಟು ಕೈಮುಗಿದರು. ಯಾರಿಗೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಆದರೆ ಎಚ್ಚರ ತಪ್ಪುವವರಲ್ಲ ಅವರು. "ಇದು ಬೇರೆಯವರ ಬಾಯಿಂದ ಬಂದದ್ದಲ್ವಾ ಮಗಾ? ಎಲ್ಲ ಎಂಜಲು?" ಎಂದು ಕೇಳಿದರು. ಹೌದು ಅಜ್ಜಿ ಎಂದಳು ಇವಳು. ನಾವು ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಮಾರನೆಯ ದಿನ ನಾನೂ ನಿಸರ್ಗಳೂ ತರಕಾರಿ ತರಲು ಹೋಗಿದ್ದೆವು. ಬಾಗಿಲು ತೆರೆದರೆ ಅತ್ತೆ ಬಚ್ಚಲಿನ ಹೊರಗೆ ಗೋಡೆಗೆ ಒರಗಿ ಕೂತು ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದರು, ಮುಖದಲ್ಲಿ ರಕ್ತವಿಲ್ಲ. ಒಳಗೆ ಬಕೆಟ್ಟಿನಲ್ಲಿ ಅರಿಶಿನ, ಉಪ್ಪು ಕಲಸಿದ ನೀರು. ಎಂಜಲು ಹೋಗಲಿ, ಮೊಮ್ಮಗಳು ಶುದ್ಧವಾದದ್ದನ್ನು ಮುಟ್ಟಲಿ ಎಂದು ಅವಳು ಬಿಚ್ಚಿ ಜೋಡಿಸಿಟ್ಟಿದ್ದ ಬ್ಯಾಟರಿಗಳನ್ನೆಲ್ಲ ಅದರಲ್ಲಿ ನೆನೆಹಾಕಿದ್ದರು.

ನಾನು ಬಗ್ಗಿ ನೋಡಿದೆ. ಹಳದಿ ನೀರಿನಲ್ಲಿ ಆ ಬಿಳಿಯ ಬ್ಯಾಟರಿಗಳು ಒಂದರ ಪಕ್ಕ ಒಂದು ಮಲಗಿದ್ದವು. ಒಂದೊಂದರ ತುದಿಯಿಂದಲೂ ಸಾಸಿವೆಯಂಥ ಗುಳ್ಳೆಗಳು ಎದ್ದು ಮೇಲೆ ಬರುತ್ತಿದ್ದವು, ಮೀನು ಉಸಿರು ಬಿಟ್ಟಹಾಗೆ. ಗುಳ್ಳೆ ಏಳುತ್ತಿದ್ದ ಜಾಗದಲ್ಲೆಲ್ಲ ನೀರು ಕೆಂಪಾಗಿತ್ತು. ಎಳೆಎಳೆಯಾದ ಕೆಂಪು, ಹಳದಿಯೊಳಗೆ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು.

"ಜೀವ ಇತ್ತು ಅದರಲ್ಲಿ," ಎಂದರು ಅತ್ತೆ. "ನೀನು ಅಲೈವ್ ಅಂದಿದ್ದಿ. ನನಗೆ ಗೊತ್ತಾಗ್ಲಿಲ್ಲ ಮಗಾ. ಉಸಿರು ಕಟ್ಟಿ ರಕ್ತ ಬಂತು." ಬಟ್ಟೆಯಲ್ಲಿ ಗಾಳಿಸದ ನೀರು ಕುಡಿಯದ, ಇರುವೆ ದಾಟುವವರೆಗೆ ಹೊಸ್ತಿಲಲ್ಲಿ ಕಾಲೆತ್ತಿ ನಿಲ್ಲುವ ಹೆಂಗಸು ಅವರು, ನಿನಗೆ ನಾನು ಹೇಳಬೇಕಾಗಿಲ್ಲ. ಕೊಂದೆ ಎಂದೇ ನಂಬಿದ್ದರು.

ಆ ಬ್ಯಾಟರಿಗಳ ಹಿಂದೆ ನಿಸರ್ಗಳ ಎಷ್ಟು ತಿಂಗಳ ಬೆನ್ನುನೋವು ಇತ್ತೆಂದು ನನಗೆ ಗೊತ್ತಿತ್ತು. ಕೂಗಾಡುತ್ತಾಳೆ ಎಂದುಕೊಂಡೆ. ಅವಳು ಮೊದಲು ಕಿಟಕಿ ತೆರೆದಳು, ನಮ್ಮನ್ನು ಹೊರಗೆ ಕಳಿಸಿದಳು, ಕೈಗವಸು ಹಾಕಿ ಬಕೆಟ್ಟನ್ನು ಬಾಲ್ಕನಿಗೆ ಸಾಗಿಸಿದಳು. ನೆಂದವು ಇನ್ನು ಯಾವುದಕ್ಕೂ ಬರುವುದಿಲ್ಲ, ಬ್ಯಾಟರಿ ಸಂಗ್ರಹಿಸುವ ಕಡೆ ಕೊಡಬೇಕು ಎಂದು ಅದಿತಿಗೆ ಹೇಳಿದಳು. ಆಮೇಲೆ ಬಂದು ಅಜ್ಜಿಯ ಪಕ್ಕ ನೆಲದ ಮೇಲೆ ಕೂತಳು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನಮ್ಮ ಮಗಳು ಅವತ್ತು ಕನ್ನಡವನ್ನು ಒಂದೊಂದೇ ಪದ ಎತ್ತಿ ಇಟ್ಟಳು. "ಅಜ್ಜಿ, ರಕ್ತ ಅಲ್ಲ. ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಏನಾಗುತ್ತೆ?" ಅತ್ತೆ ಅಳುತ್ತಲೇ, ಕೆಂಪಾಗ್ತದೆ, ಆರತಿ ನೀರು ಎಂದರು. "ಹಾಂ, ಅದೇ. ಬ್ಯಾಟರಿ ಕರೆಂಟ್‌ನಿಂದ ಉಪ್ಪುನೀರು ಸುಣ್ಣದ ನೀರಿನ ಥರ ಆಗುತ್ತೆ. ನೀವು ಆರತಿ ಮಾಡಿದ್ರಿ, ಅಷ್ಟೇ."

ಅತ್ತೆ ಕಣ್ಣೊರೆಸಿಕೊಂಡು, "ಹಾಗಾದ್ರೆ ಮುಟ್ಟದೆ, ಸುಣ್ಣ ಹಾಕದೆ ತಾನೇ ಆರತಿ ಆಯ್ತಾ? ನಿನ್ನ ಅಪ್ಪ ಇಷ್ಟು ಓದಿದ್ದಾನೆ, ಒಂದು ದಿನವಾದ್ರೂ ನನಗೆ ಇಂಥದ್ದು ತೋರಿಸಿದ್ದಾನಾ ಕೇಳು," ಎಂದರು. ಕೇಳು ಎಂದದ್ದಕ್ಕೆ ನಿಸರ್ಗ ಉಗುರು ನೋಡಿಕೊಂಡಳು. ನಿನ್ನ ಮಾತು ಬಂದಾಗಲೆಲ್ಲ ಅವಳು ಉಗುರು ನೋಡಿಕೊಳ್ಳುತ್ತಾಳೆ, ಅದೂ ನಿನ್ನದೇ ಅಭ್ಯಾಸ.

ನಿನ್ನೆ ಸಂಜೆ ಇಲ್ಲಿ ಆಲಿಕಲ್ಲಿನ ಬಿರುಗಾಳಿ. ಆಕಾಶ ಹಸಿರಾಯಿತು, ಮರವೊಂದು ತಂತಿಯ ಮೇಲೆ ಬಿದ್ದು ಇಡೀ ಬೀದಿಯ ಕರೆಂಟು ಹೋಯಿತು. ಮಳೆ ನಿಂತ ಕೂಡಲೇ ರೆಕ್ಕೆಯ ಗೆದ್ದಲುಹುಳುಗಳು ಎದ್ದವು, ನಮ್ಮೂರಿನ ಮೊದಲ ಮಳೆಗೆ ಏಳುವ ಹಾಗೆಯೇ. ಅದಿತಿ ಮೇಣದಬತ್ತಿ ತಂದಳು. ಅತ್ತೆ ಬೇಡ ಎಂದು ಕೈ ಅಡ್ಡ ಹಿಡಿದರು. ಒಂದು ಬೆಂಕಿಗೆ ಎಷ್ಟು ಹುಳು ಬಂದು ಬೀಳುತ್ತವೆ, ನಾನು ಕತ್ತಲಲ್ಲೇ ಕೂರುತ್ತೇನೆ ಎಂದರು. ಆಗ ನಿಸರ್ಗ ಒಳಗಿನಿಂದ ಒಂದು ದೀಪ ತಂದಳು. ಬಕೆಟ್ಟಿನಿಂದ ತಪ್ಪಿಸಿಕೊಂಡದ್ದು ಅದೊಂದೇ. ಗಾಜಿನ ಮುಖದ ತಗಡಿನ ಪೆಟ್ಟಿಗೆಯಲ್ಲಿ ಆ ಪುಟ್ಟ ಬ್ಯಾಟರಿಗಳನ್ನು ಒಂದೇ ಶಕ್ತಿಯವಾಗಿ ಆರಿಸಿ, ಬಿಸಿಯಾದರೆ ತಾನೇ ಆರುವ ರಕ್ಷಣೆಯನ್ನೂ ಸೇರಿಸಿ, ಜೋಡಿಸಿದ್ದಾಳೆ. ನಡುಮನೆಯ ಕೊಕ್ಕೆಗೆ ತೂಗುಹಾಕಿ ಗುಂಡಿ ಒತ್ತಿದಳು.

ಬೆಳಕು ಬಂತು. ಹುಳುಗಳೂ ಬಂದವು. ದೀಪದ ಸುತ್ತ ಸುತ್ತಿದವು, ಗಾಜಿಗೆ ತಾಗಿದವು, ರೆಕ್ಕೆ ಕಳಚಿ ನೆಲಕ್ಕಿಳಿದು ಸಾಲಾಗಿ ನಡೆದುಹೋದವು. ಒಂದೂ ಸುಡಲಿಲ್ಲ. ಅತ್ತೆ ಕಾಲು ಮೇಲಿಟ್ಟುಕೊಂಡು ಅವುಗಳಿಗೆ ದಾರಿ ಬಿಟ್ಟು ನೋಡುತ್ತಲೇ ಇದ್ದರು. ಇದರಲ್ಲಿ ಎಷ್ಟು ಜನರ ಎಂಜಲಿದೆ ಎಂದು ಕೇಳಿದರು. ನಲವತ್ತು ಜನರದ್ದಿರಬಹುದು ಎಂದಳು ಇವಳು. "ಪಾಪ, ಅವರಿಗೆ ಗೊತ್ತೂ ಇಲ್ಲ," ಎಂದರು ಅತ್ತೆ.

ನಾನು ನಿಸರ್ಗಳ ಮುಖ ನೋಡಿದೆ. ಯಾರೋ ಎಳೆದು ಬಿಟ್ಟ ಉಸಿರುಗಳ ಉಳಿಕೆಯ ಬೆಳಕು ಅವಳ ಹಣೆಯ ಮೇಲಿತ್ತು. ಇವಳನ್ನು ಹೆತ್ತದ್ದು ನಾನು, ಆದರೆ ಈ ಕೈಗಳು ಇಷ್ಟು ನಿಧಾನವನ್ನು, ಇಷ್ಟು ಎಚ್ಚರವನ್ನು ಯಾವಾಗ ಕಲಿತವು? ನಾನು ಬೆರಗಾಗಿ ಕೂತಿದ್ದೆ. ನೀನು ಇರಬೇಕಿತ್ತು. ಸರಿ-ತಪ್ಪು ಹೇಳುವುದಕ್ಕಲ್ಲ, ನನ್ನ ಪಕ್ಕ ಬೆರಗಾಗಿ ಕೂರುವುದಕ್ಕೆ. ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಅದನ್ನು ಚೆನ್ನಾಗಿ ಮಾಡುತ್ತಿದ್ದೆವು.

ಮುಂದಿನ ಶನಿವಾರ ನಿನಗೆ ಡ್ಯೂಟಿ ಇಲ್ಲ ಎಂದು ಅತ್ತೆಗೆ ನೀನೇ ಹೇಳಿದ್ದೀಯ. ಬೆಳಗಿನ ವಿಮಾನ ಹಿಡಿ. ಅವಳಿಗೆ ವಿಷಯ ತಿಳಿಸಿದ್ದೇನೆ. ಬೇಡ ಎನ್ನಲಿಲ್ಲ. ಬಂದಾಗ ಮಾರ್ಚಿನಲ್ಲಿ ಕೇಳಿದ ಪ್ರಶ್ನೆಯಿಂದ ಶುರುಮಾಡಬೇಡ. ತೋರಿಸು ಎನ್ನು. ಅಷ್ಟು ಸಾಕು.

ಬಾಗಿಲ ಸದ್ದಿಗೆ ಕಿವಿಗೊಟ್ಟಿರುವ,
ನಿನ್ನ ವನಜಾ

ತಾ.ಕ.: ನಿಸರ್ಗಳಿಗೆ ಕನ್ನಡ ಓದಲು ಬರುವುದಿಲ್ಲವಲ್ಲ, ಲಕೋಟೆಗೆ ಹಾಕುವ ಮೊದಲು ಇದನ್ನೆಲ್ಲ ಅವಳಿಗೆ ಓದಿ ಹೇಳಿದೆ. ಕೇಳಿ ಎದ್ದುಹೋದಳು. ಸ್ವಲ್ಪ ಹೊತ್ತಿಗೆ ಬಂದು, ಇದನ್ನೂ ಸೇರಿಸು ಎಂದಳು. ಡಬ್ಬಕ್ಕೆ ಬಿದ್ದ ಮೊದಲನೆಯ ವೇಪು ಅವಳದೇ. ಒಂದು ವರ್ಷ ಸೇದಿದ್ದಾಳೆ. ಒಂದು ದಿನ ಅದು ಕೆಟ್ಟಾಗ, ಇನ್ನೊಂದು ದಮ್ಮಾದರೂ ಸಿಕ್ಕೀತೇ ಎಂಬ ಆಸೆಗೆ ಬಿಚ್ಚಿದವಳಿಗೆ ಒಳಗೆ ಜೀವಂತ ಬ್ಯಾಟರಿ ಸಿಕ್ಕಿತಂತೆ. ಇದೆಲ್ಲ ಶುರುವಾದದ್ದು ಅಲ್ಲಿಂದ. ನೀನು ಕೇಳಿದ ದಿನ ಇನ್ನೂ ಬಿಟ್ಟಿರಲಿಲ್ಲ. ನಿನಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ನಿಜ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಸುಮ್ಮನಾದಳು. ಮಾರ್ಚಿನಲ್ಲಿ ನೀನು ಹೊರಟುಹೋದ ಆ ವಾರವೇ ಬಿಟ್ಟಳು. ಈಗಲೂ ಮೆಟ್ಟಿಲು ಹತ್ತಿದಾಗ ಎದೆಯಲ್ಲಿ ಏನೋ ಸಣ್ಣಗೆ ಸಿಳ್ಳೆ ಹಾಕಿದಂತಾಗುತ್ತದಂತೆ. ಎರಡು ಸಲ ಕ್ಲಿನಿಕ್ಕಿನ ಬಾಗಿಲವರೆಗೆ ಹೋಗಿ ವಾಪಸು ಬಂದಿದ್ದಾಳೆ. ಬೇರೆ ಯಾರೂ ಬೇಡವಂತೆ. ಶನಿವಾರ ಬರುವಾಗ ನಿನ್ನ ಸ್ಟೆತಸ್ಕೋಪ್ ತರಬೇಕಂತೆ.